ದಾವಣಗೆರೆ–ದುರ್ಗದಿಂದ ಹೊರದೇಶಕ್ಕೆ ಪಾಠ ಮಾಡಲು ಹೋಗುವವರು: ಯಾವ ಕೆಲಸ ಮೊದಲು, ಯಾವುದು ಆಮೇಲೆ?

ಶಿವಗಂಗೋತ್ರಿ:
ಬಿ.ಎಸ್ಸಿ., ಬಿ.ಇಡಿ., ಹೈಸ್ಕೂಲಿನಲ್ಲಿ 6 ವರ್ಷ ಗಣಿತ ಕಲಿಸಿದ ಅನುಭವ. ದುಬೈ ಕಡೆಯ ಸಿಬಿಎಸ್‌ಇ ಶಾಲೆಗಳು ಒಂದು ದಾರಿ, ಇಂಗ್ಲೆಂಡ್ ಇನ್ನೊಂದು. ಏಜೆಂಟರು "ಮೊದಲು ಇಂಟರ್‌ವ್ಯೂ ಮುಗಿಸ್ರಿ, ಕಾಗದ ಆಮೇಲೆ ನೋಡೋಣ" ಅಂತಾರೆ. ಇದು ಸರಿಯಾ? ತಿಳಿದವರು ಕ್ರಮವಾಗಿ ಹೇಳಿದರೆ ನನ್ನಂಥ ಇನ್ನೂ ನಾಲ್ಕು ಜನಕ್ಕೆ ಉಪಯೋಗ.

ಕೋಟೆಬಾಗಿಲು:
ಸರಿಯಲ್ಲ ರೀ. ಇಂಟರ್‌ವ್ಯೂ ಮುಗಿದರೆ ಏಜೆಂಟರ ಕೆಲಸ ಮುಗೀತು, ಕಾಗದ ಎಲ್ಲಾದರೂ ಸಿಕ್ಕಿಕೊಂಡರೆ ತಿಂಗಳುಗಟ್ಟಲೆ ಕಾಯುವವರು ನೀವು. ಗಲ್ಫಿನ ಭಾರತೀಯ ಶಾಲೆಗಳು ಏಪ್ರಿಲ್‌ನಲ್ಲಿ ಶುರು. ಅವರಿಗೆ ಟೀಚರ್ ಬೇಕಾಗುವ ಹೊತ್ತಿಗೆ ನಿಮ್ಮ ಡಿಗ್ರಿ ಇನ್ನೂ ವಿಶ್ವವಿದ್ಯಾಲಯದ ಕಪಾಟಿನಲ್ಲೇ ಇದ್ದರೆ ಆ ಜಾಗ ಬೇರೆಯವರದ್ದು.

ಮೊದಲು ನೋಡಬೇಕಾದ್ದು ಹೆಸರು. ನಮ್ಮ ಕಡೆಯವರದ್ದು ಹೆಚ್ಚಾಗಿ ಕೆಡುವುದು ಇಲ್ಲೇ. ಅಂಕಪಟ್ಟಿಯಲ್ಲಿ "ಹಾಲೇಶ್ ಕೆ.ಎಂ." ಅಂತ ಇರುತ್ತೆ. ಕೆ ಅಂದರೆ ಊರು, ಎಂ ಅಂದರೆ ಅಪ್ಪನ ಹೆಸರು. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ಬರೆಯುವಂತಿಲ್ಲ, ಬಿಡಿಸಿ ಬರೆಯಬೇಕು. ಕೆಲವರು "ಸರ್‌ನೇಮ್ ನಮಗಿಲ್ಲ" ಅಂತ ಆ ಜಾಗ ಖಾಲಿ ಬಿಟ್ಟು ಬರೀ "ಹಾಲೇಶ್" ಅಂತ ಮಾಡಿಸುತ್ತಾರೆ. 2022ರ ನವೆಂಬರಿನಲ್ಲಿ ಯುಎಇ ಒಂದೇ ಪದದ ಹೆಸರಿರುವವರಿಗೆ ವಿಸಿಟ್ ವೀಸಾದಲ್ಲಿ ಪ್ರವೇಶ ಇಲ್ಲ ಅಂತ ನಿಯಮ ತಂದಿತು. ಊರಿನ ಹೆಸರನ್ನೋ ಅಪ್ಪನ ಹೆಸರನ್ನೋ ಸರ್‌ನೇಮ್ ಜಾಗಕ್ಕೆ ಹಾಕಿ ಪಾಸ್‌ಪೋರ್ಟ್ ಮರುವಿತರಣೆ ಮಾಡಿಸಿಕೊಳ್ಳಿ. 36 ಪುಟದ್ದಕ್ಕೆ ಶುಲ್ಕ 1,500 ರೂಪಾಯಿ. ಅಂಕಪಟ್ಟಿಯ ಹೆಸರು ಮತ್ತು ಪಾಸ್‌ಪೋರ್ಟಿನ ಹೆಸರು ಒಬ್ಬರದ್ದೇ ಎಂದು ನೋಟರಿ ಮುಂದೆ ಒಂದು ಪ್ರಮಾಣಪತ್ರ ಮಾಡಿಸಿ ಎರಡು ಮೂಲಪ್ರತಿ ಇಟ್ಟುಕೊಳ್ಳಿ. ಮದುವೆ ನಂತರ ಗಂಡನ ಹೆಸರು ಸೇರಿಸಿಕೊಂಡ ಟೀಚರ್‌ಗಳಿಗೆ ಈ ಮಾತು ಇನ್ನೂ ಮುಖ್ಯ. ಡಿಗ್ರಿ ತವರಿನ ಹೆಸರಲ್ಲಿ, ಆಧಾರ್ ಗಂಡನ ಮನೆ ಹೆಸರಲ್ಲಿ, ಅನುಭವ ಪತ್ರ ಮೂರನೆಯದರಲ್ಲಿ ಇದ್ದರೆ ಅಲ್ಲಿನ ಗುಮಾಸ್ತನಿಗೆ ಅವರು ಮೂರು ಜನ.

ಎರಡನೆಯದು ಘಟಿಕೋತ್ಸವ ಪ್ರಮಾಣಪತ್ರ. ಪ್ರಾವಿಷನಲ್ ಸರ್ಟಿಫಿಕೇಟ್ ಇಟ್ಟುಕೊಂಡು ಹತ್ತು ವರ್ಷ ಕೆಲಸ ಮಾಡಿದವರು ನಮ್ಮಲ್ಲಿ ಬೇಕಾದಷ್ಟು ಜನ. ಹೊರದೇಶದ ದೃಢೀಕರಣಕ್ಕೆ ಅದು ನಡೆಯುವುದಿಲ್ಲ.

ಶಾಂತಿಸಾಗರ:
ಇದಕ್ಕೊಂದು ಸೇರಿಸುತ್ತೇನೆ. ದಾವಣಗೆರೆ ವಿಶ್ವವಿದ್ಯಾಲಯ ಶುರುವಾದದ್ದು 2009ರಲ್ಲಿ. ಅದಕ್ಕಿಂತ ಮುಂಚೆ ದಾವಣಗೆರೆ, ಚಿತ್ರದುರ್ಗದ ಕಾಲೇಜುಗಳಲ್ಲಿ ಓದಿದವರ ಡಿಗ್ರಿ ಕುವೆಂಪು ವಿಶ್ವವಿದ್ಯಾಲಯದ್ದು. ಹಾಗಾಗಿ ಟ್ರಾನ್ಸ್‌ಕ್ರಿಪ್ಟ್‌ಗೆ ದಾವಣಗೆರೆ ವಿಶ್ವವಿದ್ಯಾಲಯ ಇರುವ ತೋಳಹುಣಸೆಗೆ ಹೋಗಿ ಸಾಲಲ್ಲಿ ನಿಲ್ಲಬೇಡಿ, ಕುವೆಂಪು ವಿಶ್ವವಿದ್ಯಾಲಯ ಇರುವ ಶಂಕರಘಟ್ಟಕ್ಕೆ ಹೋಗಬೇಕು. ಡಿಗ್ರಿ ಅಲ್ಲಿಂದ, ಬಿ.ಇಡಿ. ಇಲ್ಲಿಂದ ಆಗಿದ್ದರೆ ಎರಡೂ ಕಡೆ ಅರ್ಜಿ ಹಾಕಬೇಕು. ಟ್ರಾನ್ಸ್‌ಕ್ರಿಪ್ಟ್ ಅಂದರೆ ಅಂಕಪಟ್ಟಿಯ ಜೆರಾಕ್ಸ್ ಅಲ್ಲ. ಎಲ್ಲ ಸೆಮಿಸ್ಟರಿನ ವಿಷಯ, ಅಂಕ ಸೇರಿಸಿ ವಿಶ್ವವಿದ್ಯಾಲಯವೇ ಕೊಡುವ ಬೇರೆ ದಾಖಲೆ ಅದು. ಮೊಹರು ಮಾಡಿದ ಲಕೋಟೆಯಲ್ಲಿ ಕೊಟ್ಟಿದ್ದರೆ ಮನೆಯಲ್ಲಿ ಒಡೆಯಬೇಡಿ. ಒಂದರ ಬದಲು ಮೂರು ಪ್ರತಿ ಒಟ್ಟಿಗೇ ತೆಗೆಸಿ, ಮತ್ತೆ ಮತ್ತೆ ಓಡಾಡುವುದು ತಪ್ಪುತ್ತೆ.

ಮುಕ್ತ ವಿಶ್ವವಿದ್ಯಾಲಯದಲ್ಲಿ ಓದಿದವರು ವರ್ಷ ನೋಡಿಕೊಳ್ಳಿ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ 2013-14ರಿಂದ ಯುಜಿಸಿ ಮಾನ್ಯತೆ ಇರಲಿಲ್ಲ, 2018ರಲ್ಲಿ ಮರಳಿ ಸಿಕ್ಕಿತು. ಆ ನಡುವಿನ ಪದವಿ ಇಟ್ಟುಕೊಂಡು ಗಲ್ಫಿಗೆ ಅರ್ಜಿ ಹಾಕಿದರೆ ಪದವಿ ಮಾನ್ಯತೆ ಹಂತದಲ್ಲೇ ನಿಲ್ಲುವ ಅಪಾಯ ಇದೆ.

ಜೋಗಿಮಟ್ಟಿ:
ಅಪೊಸ್ಟೀಲ್ ಅಂತಾರಲ್ಲ, ಅಟೆಸ್ಟೇಶನ್ ಅಂತಾರಲ್ಲ, ಎರಡೂ ಒಂದೇನಾ?

ಕೋಟೆಬಾಗಿಲು:
ಅಲ್ಲ. ಅಪೊಸ್ಟೀಲ್ ಅಂದರೆ ದಾಖಲೆ ಅಸಲಿ ಅಂತ ನಮ್ಮ ವಿದೇಶಾಂಗ ಸಚಿವಾಲಯ ಹಾಕುವ ಮುದ್ರೆ. ಅದನ್ನು ಪರಸ್ಪರ ಒಪ್ಪುವ ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳಿಗೆ ಅದೊಂದೇ ಸಾಕು. ಒಮಾನ್, ಬಹರೇನ್ ಸೌದಿಗಿಂತ ಮುಂಚೆಯೇ ಅದಕ್ಕೆ ಸೇರಿವೆ, ಸೌದಿಗೆ ಅದು ಜಾರಿಯಾದದ್ದು 2022ರ ಡಿಸೆಂಬರಿನಲ್ಲಿ. ಯುಎಇ, ಕತಾರ್, ಕುವೈತ್ ಇವು ಅದರಲ್ಲಿ ಇಲ್ಲ. ಅಲ್ಲಿಗೆ ಹೋಗುವ ಡಿಗ್ರಿ ಮೊದಲು ರಾಜ್ಯದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯ, ಆಮೇಲೆ ಆ ದೇಶದ ರಾಯಭಾರ ಕಚೇರಿ, ಕೊನೆಗೆ ಅಲ್ಲಿ ಇಳಿದ ಮೇಲೆ ಅವರ ವಿದೇಶಾಂಗ ಇಲಾಖೆ, ಹೀಗೆ ನಾಲ್ಕು ಮೆಟ್ಟಿಲು ಹತ್ತಬೇಕು. ಒಂದು ಮೆಟ್ಟಿಲು ತಪ್ಪಿದರೆ ಮುಂದಿನವರು ಮುಟ್ಟುವುದಿಲ್ಲ. ಸಚಿವಾಲಯದ ಅಪೊಸ್ಟೀಲ್ ಶುಲ್ಕ ಒಂದು ದಾಖಲೆಗೆ 50 ರೂಪಾಯಿ ಮಾತ್ರ. ಅದರ ಮೇಲೆ ಸಾವಿರಗಟ್ಟಲೆ ಕೇಳಿದರೆ ಅದು ಓಡಾಟದ ಕೂಲಿ. ಕೊಡಬೇಡಿ ಅನ್ನುವುದಿಲ್ಲ, ಬೆಂಗಳೂರಿಗೆ ನಾಲ್ಕು ಸಲ ಹೋಗಿಬರುವ ಖರ್ಚೂ ಇದೆ. ಆದರೆ ಯಾವುದಕ್ಕೆ ಎಷ್ಟು ಅಂತ ಬಿಡಿಸಿದ ರಸೀದಿ ಕೇಳಿ.

ಮದುವೆ ಮತ್ತು ಮಕ್ಕಳ ಜನನ ಪತ್ರವನ್ನೂ ಇದೇ ಸುತ್ತಿನಲ್ಲಿ ಮುಗಿಸಿ. ಕಲ್ಯಾಣಮಂಟಪದವರು ಕೊಟ್ಟ ಪತ್ರ, ಲಗ್ನಪತ್ರಿಕೆ ಎರಡೂ ಕೆಲಸಕ್ಕೆ ಬಾರವು, ಉಪನೋಂದಣಾಧಿಕಾರಿ ಕಚೇರಿಯ ನೋಂದಣಿ ಪತ್ರ ಬೇಕು. ಮಗುವಿನ ಹೆಸರು ಸೇರದೆ ಬರೀ "ಗಂಡು" "ಹೆಣ್ಣು" ಅಂತ ಇರುವ ಹಳೇ ಜನನ ಪತ್ರ ಇದ್ದರೆ ಈಗಲೇ ಹೆಸರು ಸೇರಿಸಿ.

ಶಿವಗಂಗೋತ್ರಿ:
ಪೊಲೀಸ್ ಕ್ಲಿಯರೆನ್ಸ್ ಕೂಡ ಈಗಲೇ ತೆಗೆದಿಡಲಾ?

ಕೋಟೆಬಾಗಿಲು:
ಬೇಡ. ಅದು ಬೇಗ ಹಳತಾಗುವ ಕಾಗದ, ಸಾಮಾನ್ಯವಾಗಿ ಆರು ತಿಂಗಳೊಳಗಿನದ್ದೇ ಕೇಳುತ್ತಾರೆ. ಆಫರ್ ಕೈಗೆ ಬಂದ ದಿನ ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಅರ್ಜಿ ಹಾಕಿ, ಶುಲ್ಕ 500 ರೂಪಾಯಿ. ಪಾಸ್‌ಪೋರ್ಟಿನಲ್ಲಿ ಹಳ್ಳಿ ವಿಳಾಸ, ಇರುವುದು ದಾವಣಗೆರೆಯಲ್ಲಿ ಬಾಡಿಗೆಗೆ ಅಂದರೆ ಈಗಿನ ವಿಳಾಸದ್ದೇ ದಾಖಲೆ ಕೊಡಿ, ಇಲ್ಲದಿದ್ದರೆ ಎರಡು ಠಾಣೆ ನಡುವೆ ಕಡತ ಓಡಾಡುತ್ತೆ. ಇಂಗ್ಲೆಂಡಿಗೆ ಬೇಕಾದ ಕ್ಷಯ ಪರೀಕ್ಷೆಯ ಪತ್ರವೂ ಹಾಗೇ, 6 ತಿಂಗಳು ಆಯಸ್ಸು. ಯಾವ ಆಸ್ಪತ್ರೆಯದ್ದಾದರೂ ನಡೆಯುವುದಿಲ್ಲ, ಅವರು ಒಪ್ಪಿದ ಕ್ಲಿನಿಕ್ಕಿನದ್ದೇ ಆಗಬೇಕು. ನಮಗೆ ಹತ್ತಿರದ್ದು ಬೆಂಗಳೂರು. ಇಂಗ್ಲಿಷ್ ಭಾಷಾ ಪರೀಕ್ಷೆ ಐಇಎಲ್‌ಟಿಎಸ್‌ನ ಅಂಕಕ್ಕೆ ಎರಡು ವರ್ಷ.

ಹಿರಿಯೂರು ಟೀಚರ್:
ಗಲ್ಫ್ ವಿಷಯ ನಾನು ಹೇಳ್ತೀನಿ. ಆಫರ್ ಲೆಟರ್‌ನಲ್ಲಿ ಒಟ್ಟು ಸಂಬಳ ನೋಡಿ ಖುಷಿಪಡಬೇಡಿ, ಬೇಸಿಕ್ ಎಷ್ಟು ನೋಡಿ. ಕೆಲಸ ಬಿಟ್ಟಾಗ ಸಿಗುವ ಗ್ರಾಚ್ಯುಟಿ ಬೇಸಿಕ್ ಮೇಲೆ ಮಾತ್ರ. ಯುಎಇ ಕಾನೂನಿನಲ್ಲಿ ಮೊದಲ ಐದು ವರ್ಷ, ವರ್ಷಕ್ಕೆ 21 ದಿನದ ಬೇಸಿಕ್. ಆಮೇಲೆ ವರ್ಷಕ್ಕೆ 30 ದಿನದ್ದು. ಲೆಕ್ಕ ಹಾಕಿ: ಒಟ್ಟು 6,000 ದಿರ್ಹಾಮ್‌ನಲ್ಲಿ ಬೇಸಿಕ್ 3,000 ಇದ್ದರೆ ದಿನಕ್ಕೆ 100, ಐದು ವರ್ಷಕ್ಕೆ 10,500. ಅದೇ 6,000ದಲ್ಲಿ ಬೇಸಿಕ್ 4,500 ಇದ್ದರೆ 15,750. ಶಾಲೆಗೆ ತಿಂಗಳ ಖರ್ಚು ಅಷ್ಟೇ, ನಿಮಗೆ ಮಾತ್ರ 5,250 ದಿರ್ಹಾಮ್ ವ್ಯತ್ಯಾಸ. ಸಹಿಗೆ ಮುಂಚೆ ಚೌಕಾಸಿ ಮಾಡಬೇಕಾದ್ದು ಇಲ್ಲೇ.

ಪ್ರೊಬೇಶನ್ ಆರು ತಿಂಗಳಿಗಿಂತ ಹೆಚ್ಚು ಇಡುವಂತಿಲ್ಲ. ಆ ಅವಧಿಯಲ್ಲಿ ಕೆಲಸ ಬಿಟ್ಟು ಅಲ್ಲೇ ಬೇರೆ ಕಡೆ ಸೇರುವುದಾದರೆ ಒಂದು ತಿಂಗಳ ನೋಟಿಸ್, ದೇಶ ಬಿಟ್ಟು ಬರುವುದಾದರೆ 14 ದಿನ. ನೋಟಿಸ್ ಕೊಡದೆ ವಿಮಾನ ಹತ್ತಿದರೆ ಒಂದು ವರ್ಷ ಮತ್ತೆ ಪರ್ಮಿಟ್ ಸಿಗದೆ ಹೋಗಬಹುದು. ವೀಸಾ, ನೇಮಕಾತಿ ಖರ್ಚು ಕಾನೂನಿನ ಪ್ರಕಾರ ಶಾಲೆಯದ್ದು. ಪಾಸ್‌ಪೋರ್ಟನ್ನು ಶಾಲೆ ಇಟ್ಟುಕೊಳ್ಳುವಂತಿಲ್ಲ. "ವಿಸಿಟ್ ವೀಸಾದಲ್ಲಿ ಬನ್ನಿ, ಪಾಠ ಶುರು ಮಾಡಿ, ಆಮೇಲೆ ಬದಲಾಯಿಸೋಣ" ಅನ್ನುವ ಶಾಲೆಗೆ ದೊಡ್ಡ ನಮಸ್ಕಾರ ಹೇಳಿ ಬಂದುಬಿಡಿ. ಆ ವೀಸಾದಲ್ಲಿ ಕೆಲಸ ಮಾಡುವುದೇ ಅಪರಾಧ.

ದುಬೈ ಖಾಸಗಿ ಶಾಲೆಗಳ ನೇಮಕಾತಿಗೆ ಅನುಮತಿ ಅಲ್ಲಿನ ಶಿಕ್ಷಣ ಪ್ರಾಧಿಕಾರ ಕೆಎಚ್‌ಡಿಎ ಕೈಯಲ್ಲಿ, ಅಬುಧಾಬಿಯದ್ದು ಅಲ್ಲಿನ ಶಿಕ್ಷಣ ಇಲಾಖೆ ಅಡೆಕ್ ಕೈಯಲ್ಲಿ. ಒಂದರ ಅನುಮತಿ ಇನ್ನೊಂದಕ್ಕೆ ತಾನಾಗಿ ಬರುವುದಿಲ್ಲ.

ಮಂಡಕ್ಕಿ ಭಟ್ಟಿ:
ಗಲ್ಫಿಗೆ ಹೋಗುವವರೇ, ಪೆಟ್ಟಿಗೆಯಲ್ಲಿ ಗಸಗಸೆ ಇಡಬೇಡಿ! ಪಾಯಸಕ್ಕೆ ಅಂತ ಅಮ್ಮ ಕಟ್ಟಿಕೊಟ್ಟ ಕಾಲು ಕಿಲೋ ಪೊಟ್ಟಣವೂ ಯುಎಇಯಲ್ಲಿ ಮಾದಕ ವಸ್ತು ಲೆಕ್ಕ. ಸೌದಿ, ಕತಾರ್, ಸಿಂಗಪುರದಲ್ಲೂ ಅಷ್ಟೇ. ಮಸಾಲೆ ಪುಡಿಗೆ ಗಸಗಸೆ ಹುರಿದು ಹಾಕಿದ್ದಾರಾ ಅಂತಲೂ ಕೇಳಿ. ಎಲೆ ಅಡಿಕೆ, ಪಾನ್ ನಿಷೇಧ, ಚನ್ನಗಿರಿಯವರು ಗಮನಿಸಿ. ಕೋಡೀನ್, ಟ್ರಮಡಾಲ್ ಇರುವ ಕೆಮ್ಮಿನ ಔಷಧಿ, ನೋವಿನ ಮಾತ್ರೆಗೆ ಅವರ ಆರೋಗ್ಯ ಇಲಾಖೆಯ ಮುಂಗಡ ಅನುಮತಿ ಬೇಕು. ಇಂಗ್ಲೆಂಡಿನ ಕತೆ ಬೇರೆ: ಭಾರತದಿಂದ ಹಾಲಿನ ಪದಾರ್ಥ ಒಯ್ಯುವಂತಿಲ್ಲ, ಅಂದರೆ ಬೆಣ್ಣೆಯೂ ಇಲ್ಲ, ತುಪ್ಪವೂ ಇಲ್ಲ. ಮಂಡಕ್ಕಿಗೆ ಯಾರ ತಕರಾರೂ ಇಲ್ಲ, ತೂಕವೂ ಇಲ್ಲ, ಪೆಟ್ಟಿಗೆ ಮಾತ್ರ ಅದೇ ತುಂಬಿಬಿಡುತ್ತೆ.

ಮಿಕ್ಸಿ ಒಯ್ಯಬಹುದಾ ಅಂತ ಪ್ರತಿ ಸಲ ಯಾರಾದರೂ ಕೇಳ್ತಾರೆ. ಇಂಗ್ಲೆಂಡ್, ಯುಎಇ ಎರಡೂ ಕಡೆ ನಮ್ಮಂತೆಯೇ 230 ವೋಲ್ಟ್, 50 ಹರ್ಟ್ಸ್. ಪ್ಲಗ್ ಬದಲಾಯಿಸಿದರೆ ಸಾಕು. ಅಲ್ಲಿನ ಚೌಕ ಪಿನ್ ಪ್ಲಗ್ಗಿನ ಒಳಗೇ ಫ್ಯೂಸ್ ಇರುತ್ತೆ, 750 ವ್ಯಾಟ್ ಮಿಕ್ಸಿಗೆ 5 ಆಂಪಿಯರಿನದ್ದು ಹಾಕಿ. ಅಮೆರಿಕಕ್ಕೆ ಮಾತ್ರ ಒಯ್ಯಬೇಡಿ, ಅಲ್ಲಿ 120 ವೋಲ್ಟ್.

ಕೆಎ17 ಮಾಸ್ತರ:
ಇಂಗ್ಲೆಂಡಿನ ಲೆಕ್ಕ. ಅಲ್ಲಿ ಶಿಕ್ಷಕರ ಅರ್ಹತೆಗೆ ಕ್ಯೂಟಿಎಸ್ ಅಂತಾರೆ. 2023ರ ಫೆಬ್ರವರಿಯಿಂದ ಭಾರತದ ಶಿಕ್ಷಕರೂ ನೇರವಾಗಿ ಅರ್ಜಿ ಹಾಕಬಹುದು. ಗಣಿತ, ವಿಜ್ಞಾನ, ಭಾಷೆ ವಿಷಯಗಳಿಗೆ, 11ರಿಂದ 16 ವಯಸ್ಸಿನ ಮಕ್ಕಳಿಗೆ ಕಲಿಸುವ ಅರ್ಹತೆ ಇರಬೇಕು. ಅರ್ಜಿಗೆ ಶುಲ್ಕ ಇಲ್ಲ. ಯಾರಾದರೂ "ಕ್ಯೂಟಿಎಸ್ ಮಾಡಿಸಿಕೊಡ್ತೀವಿ, ಒಂದೂವರೆ ಲಕ್ಷ" ಅಂದರೆ ಅದು ಫಾರ್ಮ್ ತುಂಬುವ ಕೂಲಿ ಅಷ್ಟೇ. ಪದವಿ ಬೇಕು, ಪದವಿ ಮಟ್ಟದ ಶಿಕ್ಷಕ ತರಬೇತಿ ಬೇಕು. ಬಿ.ಇಡಿ. ಸರಿ, ಡಿ.ಇಡಿ. ಒಂದೇ ಇದ್ದರೆ ಸಾಲದು. ತರಬೇತಿ ಮುಗಿದ ಮೇಲಿನ ಕನಿಷ್ಠ ಒಂದು ಶಾಲಾ ವರ್ಷದ ಅನುಭವ ಬೇಕು, ಬಿ.ಇಡಿ.ಗೆ ಮುಂಚೆ ಮಾಡಿದ್ದು ಲೆಕ್ಕಕ್ಕಿಲ್ಲ. ಅನುಭವ ಪತ್ರದಲ್ಲಿ ಸೇರಿದ ದಿನ, ಬಿಟ್ಟ ದಿನ, ತರಗತಿ, ವಿಷಯ, ವಾರಕ್ಕೆ ಎಷ್ಟು ಗಂಟೆ ಅಂತ ಬರೆಸಿ. "ಇವರು ಉತ್ತಮ ಶಿಕ್ಷಕರು, ಶುಭವಾಗಲಿ" ಅನ್ನುವ ಎರಡು ಸಾಲಿನ ಪತ್ರದಿಂದ ಏನೂ ಆಗಲ್ಲ. ವಿಚಾರಿಸಲು ಅವರು ಶಾಲೆಗೇ ಇಮೇಲ್ ಬರೆಯುತ್ತಾರೆ, ಹೆಡ್‌ಮಾಸ್ಟರಿಗೆ ಮೊದಲೇ ಹೇಳಿಡಿ.

ಕ್ಯೂಟಿಎಸ್ ಇಂಗ್ಲೆಂಡಿಗೆ ಮಾತ್ರ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್ ಪ್ರತಿಯೊಂದಕ್ಕೂ ಬೇರೆ ನೋಂದಣಿ. ಅಲ್ಲಿನ ಶಿಕ್ಷಕರು ಅಕ್ಟೋಬರ್ 31, ಫೆಬ್ರವರಿ ಕೊನೆ, ಮೇ 31 ಈ ಮೂರು ಗಡುವಿನಲ್ಲೇ ರಾಜೀನಾಮೆ ಕೊಡಬೇಕು. ಸೆಪ್ಟೆಂಬರ್‌ಗೆ ಬೇಕಾದ ಜಾಗಗಳ ಜಾಹೀರಾತು ಫೆಬ್ರವರಿಯಿಂದ ಮೇವರೆಗೆ ಬರುವುದು ಅದಕ್ಕೇ. ಜೂನ್‌ನಲ್ಲಿ ಹುಡುಕಲು ಕೂತರೆ ಉಳಿದದ್ದು ಸಿಗುತ್ತೆ.

ಕೈಗೆ ಎಷ್ಟು ಬರುತ್ತೆ? 2025-26ರಲ್ಲಿ ಲಂಡನ್ ಹೊರಗೆ ಶುರುವಿನ ಹಂತ ವರ್ಷಕ್ಕೆ 32,916 ಪೌಂಡ್. ತಿಂಗಳಿಗೆ 2,743. ಪಿಂಚಣಿಗೆ ಶೇ. 7.4, ಅಂದರೆ ಸುಮಾರು 203. ಆದಾಯ ತೆರಿಗೆ 12,570 ದಾಟಿದ್ದಕ್ಕೆ ಶೇ. 20, ಸುಮಾರು 298. ನ್ಯಾಷನಲ್ ಇನ್ಶೂರೆನ್ಸ್ ಶೇ. 8, ಸುಮಾರು 136. ಕೈಗೆ 2,100ರ ಆಸುಪಾಸು. 6 ವರ್ಷದ ಅನುಭವಕ್ಕೆ ಮೇಲಿನ ಹಂತ ಕೇಳಬಹುದು, ಕೇಳದಿದ್ದರೆ ಯಾರೂ ತಾವಾಗಿ ಕೊಡುವುದಿಲ್ಲ.

ಜೋಗಿಮಟ್ಟಿ:
2,100 ಪೌಂಡ್ ಅಂದರೆ ಎರಡು ಲಕ್ಷದ ಮೇಲಾಯ್ತಲ್ಲ ಅಣ್ಣಾರ! ಇಲ್ಲಿ ಹತ್ತು ತಿಂಗಳ ಸಂಬಳ.

ಕೆಎ17 ಮಾಸ್ತರ:
ರೂಪಾಯಿಗೆ ಗುಣಿಸಿದ ಕಡೆಯೇ ಲೆಕ್ಕ ತಪ್ಪೋದು. ಹೊರಡುವ ಮುಂಚೆ ಕೈಯಿಂದ ಹೋಗುವುದನ್ನು ನೋಡಿ. ಆರೋಗ್ಯ ಸರ್‌ಚಾರ್ಜ್ ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, 18ರ ಕೆಳಗಿನವರಿಗೆ 776. ಮೂರು ವರ್ಷದ ವೀಸಾಕ್ಕೆ ಗಂಡ, ಹೆಂಡತಿ, ಒಂದು ಮಗು ಅಂದರೆ 8,538 ಪೌಂಡ್, ಅದೂ ಒಂದೇ ಕಂತಿನಲ್ಲಿ, ವೀಸಾ ಅರ್ಜಿ ಹಾಕುವಾಗಲೇ. ವೀಸಾ ಶುಲ್ಕ ಬೇರೆ. ಶಾಲೆ ಹೊಣೆ ಹೊರದಿದ್ದರೆ 1,270 ಪೌಂಡ್ ಖಾತೆಯಲ್ಲಿ 28 ದಿನ ಸತತವಾಗಿ ಇರಬೇಕು. 27ನೇ ದಿನ ನೂರು ಪೌಂಡ್ ತೆಗೆದು ಮೊತ್ತ ಅದಕ್ಕಿಂತ ಕೆಳಗೆ ಇಳಿದರೂ ಎಣಿಕೆ ಮತ್ತೆ ಒಂದರಿಂದ. ಮನೆಗೆ ತಿಂಗಳಿಗೆ 900 ಬಾಡಿಗೆ ಅಂದುಕೊಂಡರೆ ಐದು ವಾರದ ಡಿಪಾಸಿಟ್ 1,038, ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಸಂಬಳ ಬರುವುದು ತಿಂಗಳ ಕೊನೆಗೆ. ಮೊದಲ ಸಂಬಳದಲ್ಲಿ ತೆರಿಗೆ ಕೋಡ್ ಸರಿಯಾಗದೆ ಹೆಚ್ಚು ಹಿಡಿಯಬಹುದು, ಆಮೇಲೆ ವಾಪಸ್ ಬರುತ್ತೆ, ಆದರೆ ಆ ತಿಂಗಳ ಬಾಡಿಗೆ ಕಟ್ಟಬೇಕಲ್ಲ. ಒಬ್ಬರೇ ಮೊದಲು ಹೋಗಿ, ಒಂದು ಟರ್ಮ್ ಆದ ಮೇಲೆ ಮನೆಯವರನ್ನು ಕರೆಸಿಕೊಳ್ಳುವುದು ನನ್ನ ಮಟ್ಟಿಗೆ ಸರಿಯಾದ ಕ್ರಮ.

ಶಿವಗಂಗೋತ್ರಿ:
ಏಜೆಂಟರಿಗೆ ಎಷ್ಟು ಕೊಡಬಹುದು? ಇಲ್ಲಿ ಒಬ್ಬರು ಎರಡು ಲಕ್ಷ ಕೇಳ್ತಿದಾರೆ.

ಕೋಟೆಬಾಗಿಲು:
ನೋಂದಾಯಿತ ನೇಮಕಾತಿ ಏಜೆಂಟ್ ತೆಗೆದುಕೊಳ್ಳಬಹುದಾದ ಗರಿಷ್ಠ ಸೇವಾ ಶುಲ್ಕ 30,000 ರೂಪಾಯಿ, ಮೇಲೆ ಶೇ. 18 ಜಿಎಸ್‌ಟಿ. ಒಟ್ಟು 35,400. ಹೆಸರು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ಇದೆಯಾ ನೋಡಿ, ಇಲ್ಲದಿದ್ದರೆ ಮಾತೇ ಬೇಡ. ಕೆಲಸದ ವೀಸಾಕ್ಕೆ ಶಾಲೆಯೇ ಕೊಡುವ ಇಂಗ್ಲೆಂಡಿನ ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟ್ ಮಾರಾಟದ ಸರಕಲ್ಲ. ಪರವಾನಗಿ ಇರುವ ಸಂಸ್ಥೆಗಳ ಪಟ್ಟಿಯನ್ನು ಅಲ್ಲಿನ ಸರ್ಕಾರವೇ ಪ್ರಕಟಿಸುತ್ತೆ, ಶಾಲೆಯ ಹೆಸರು ಅದರಲ್ಲಿ ಹುಡುಕಿ.

ಲೆಕ್ಕಪತ್ರ:
ಹಣದ ಬದಿಯಿಂದ ನಾಲ್ಕು ಮಾತು. ಕೆಲಸಕ್ಕೆಂದು ಹೊರಟ ಆರ್ಥಿಕ ವರ್ಷದಲ್ಲಿ ಭಾರತದಲ್ಲಿ 182 ದಿನ ಅಥವಾ ಹೆಚ್ಚು ಇದ್ದರೆ ಆ ವರ್ಷಕ್ಕೆ ನೀವು ಇಲ್ಲಿನ ನಿವಾಸಿಯೇ. ಸೆಪ್ಟೆಂಬರ್ 28ರೊಳಗೆ ಹೊರಟರೆ ಸಾಮಾನ್ಯವಾಗಿ ಆ ಮಿತಿಯೊಳಗೆ ಇರುತ್ತೀರಿ, ನಡುವೆ ದೀಪಾವಳಿಗೆ ಬಂದು ಹೋದ ದಿನಗಳೂ ಎಣಿಕೆಗೆ ಸೇರುತ್ತವೆ. ಹೋದ ಮೇಲೆ ಇಲ್ಲಿನ ಉಳಿತಾಯ ಖಾತೆಯನ್ನು ಎನ್‌ಆರ್‌ಓಗೆ (ಹೊರದೇಶದಲ್ಲಿರುವವರ ಇಲ್ಲಿನ ಆದಾಯದ ಖಾತೆ) ಬದಲಾಯಿಸಬೇಕು, ಅಲ್ಲಿಂದ ಕಳಿಸುವ ಸಂಬಳಕ್ಕೆ ಎನ್‌ಆರ್‌ಇ ತೆರೆಯಬೇಕು. ಎನ್‌ಆರ್‌ಇ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ, ಎನ್‌ಆರ್‌ಓ ಬಡ್ಡಿಗೆ ಶೇ. 30ರ ಮೇಲೆ ಹಿಡಿಯುತ್ತಾರೆ. ಎರಡನ್ನೂ ಬೆರೆಸಬೇಡಿ. ಈಗಿರುವ ಪಿಪಿಎಫ್ ಅವಧಿ ಮುಗಿಯುವವರೆಗೆ ನಡೆಸಬಹುದು, ಹೊಸದು ತೆರೆಯುವಂತಿಲ್ಲ.

ನಮ್ಮ ಕಡೆಯವರು ಮರೆಯುವುದು ಇದು: ಎನ್‌ಆರ್‌ಐ ಆದ ಮೇಲೆ ಕೃಷಿ ಜಮೀನು, ತೋಟ ಕೊಳ್ಳುವಂತಿಲ್ಲ. ಹೊರದೇಶದ ದುಡ್ಡಲ್ಲಿ ಎರಡು ಎಕರೆ ಅಡಿಕೆ ತೋಟ ಮಾಡೋಣ ಅನ್ನುವ ಲೆಕ್ಕ ಇದ್ದರೆ ಅದು ನಡೆಯಲ್ಲ. ಪಿತ್ರಾರ್ಜಿತವಾಗಿ ಬಂದದ್ದು ಇಟ್ಟುಕೊಳ್ಳಬಹುದು. ಜಮೀನು, ಬ್ಯಾಂಕ್ ಕೆಲಸಕ್ಕೆ ಮನೆಯವರ ಹೆಸರಿಗೆ ಅಧಿಕಾರ ಪತ್ರ ಕೊಡುವುದಾದರೆ ಹೊರಡುವ ಮುಂಚೆ ಉಪನೋಂದಣಾಧಿಕಾರಿ ಕಚೇರಿಯಲ್ಲೇ ಮುಗಿಸಿ. ಅಲ್ಲಿಂದ ಮಾಡಿಸಿದರೆ ದೂತಾವಾಸದ ಮುದ್ರೆ, ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ, ಹೀಗೆ ಕೆಲಸ ಬೆಳೆಯುತ್ತೆ. ಮತ್ತೆ, ಬ್ಯಾಂಕಿಗೆ ಕೊಟ್ಟ ಸಿಮ್ ಸಾಯಲು ಬಿಡಬೇಡಿ. ಇಲ್ಲಿರುವಾಗಲೇ ಇಂಟರ್‌ನ್ಯಾಷನಲ್ ರೋಮಿಂಗ್ ಚಾಲು ಮಾಡಿಸಿ, ಒಟಿಪಿ ಬರದಿದ್ದರೆ ಎಲ್ಲ ನಿಂತುಹೋಗುತ್ತೆ.

ಹಿರಿಯೂರು ಟೀಚರ್:
ದುಬೈನಲ್ಲಿ ಮನೆ ಮಾಡುವವರಿಗೆ: ಎಮಿರೇಟ್ಸ್ ಐಡಿ ಬರುವವರೆಗೆ ಬ್ಯಾಂಕ್ ಖಾತೆ ಕಷ್ಟ, ಖಾತೆ ಇಲ್ಲದೆ ಚೆಕ್ ಇಲ್ಲ, ಚೆಕ್ ಇಲ್ಲದೆ ಮನೆ ಇಲ್ಲ. ಬಾಡಿಗೆಯನ್ನು ವರ್ಷಕ್ಕೆ ಒಂದರಿಂದ ನಾಲ್ಕು ಮುಂದಿನ ದಿನಾಂಕದ ಚೆಕ್ಕುಗಳಲ್ಲಿ ಕೇಳುತ್ತಾರೆ. ಅದಕ್ಕೇ ಮೊದಲ ಎರಡು ತಿಂಗಳು ಶಾಲೆಯೇ ವಸತಿ ಕೊಡುತ್ತಾ ಅಂತ ಒಪ್ಪಂದದಲ್ಲಿ ಬರೆಸಿ. ಕರಾರು ದುಬೈನ ಬಾಡಿಗೆ ನೋಂದಣಿ ವ್ಯವಸ್ಥೆ ಇಜಾರಿಯಲ್ಲಿ ನೋಂದಣಿ ಆಗಬೇಕು, ವಿದ್ಯುತ್–ನೀರಿಗೆ ಫ್ಲ್ಯಾಟ್ ಆದರೆ 2,000 ದಿರ್ಹಾಮ್ ಡಿಪಾಸಿಟ್. ಮನೆಯವರನ್ನು ಕರೆಸಲು ಸಂಬಳ ಕನಿಷ್ಠ 4,000, ಅಥವಾ ವಸತಿ ಕೊಟ್ಟಿದ್ದರೆ 3,000. ಶಾಲೆಯಲ್ಲಿ ನಿಮ್ಮ ಎಷ್ಟು ಮಕ್ಕಳಿಗೆ, ಎಷ್ಟು ಶುಲ್ಕ ವಿನಾಯಿತಿ ಅಂತಲೂ ಬರಹದಲ್ಲಿ ಬೇಕು.

ಜೋಗಿಮಟ್ಟಿ:
ಸಂಜೆ ಮನೆಯಲ್ಲಿ ಟ್ಯೂಷನ್ ಮಾಡಬಹುದಾ? ಇಲ್ಲಿ ಸಂಬಳಕ್ಕಿಂತ ಅದೇ ಜಾಸ್ತಿ.

ಹಿರಿಯೂರು ಟೀಚರ್:
ಯುಎಇಯಲ್ಲಿ ಪರವಾನಗಿ ತೆಗೆದುಕೊಂಡು ಮಾಡಬಹುದು. 2023ರ ಡಿಸೆಂಬರಿನಲ್ಲಿ ಖಾಸಗಿ ಪಾಠದ ಪರ್ಮಿಟ್ ಶುರು ಮಾಡಿದರು, ಉಚಿತ, ಎರಡು ವರ್ಷಕ್ಕೆ. ಪರ್ಮಿಟ್ ಇಲ್ಲದೆ ಕದ್ದುಮುಚ್ಚಿ ಮಾಡಿದರೆ ದಂಡ.

ಕೆಎ17 ಮಾಸ್ತರ:
ಇಂಗ್ಲೆಂಡಿನಲ್ಲಿ ವಿಚಾರಿಸದೆ ಶುರು ಮಾಡಬೇಡಿ. ಸ್ಕಿಲ್ಡ್ ವರ್ಕರ್ ವೀಸಾದವರು (ಶಾಲೆ ಕರೆಸಿಕೊಳ್ಳುವ ಕೆಲಸದ ವೀಸಾ) ಮುಖ್ಯ ಕೆಲಸದ ಹೊರಗೆ ಮಾಡುವ ಕೆಲಸಕ್ಕೆ ಷರತ್ತುಗಳಿವೆ, ಮನೆಪಾಠವೂ ಅದರಲ್ಲೇ ಬರುತ್ತೆ. ನಿಮ್ಮ ಶಾಲೆ ಮಕ್ಕಳ ಜೊತೆ ಸ್ವಂತ ಫೋನಿನಿಂದ ವಾಟ್ಸಾಪ್ ಮಾಡಿದರೂ ಸಮಸ್ಯೆ. ಮಗು ಏನಾದರೂ ಕಷ್ಟ ಹೇಳಿಕೊಂಡರೆ "ಯಾರಿಗೂ ಹೇಳಲ್ಲ" ಅಂತ ಮಾತು ಕೊಡಬಾರದು, ಶಾಲೆಯಲ್ಲಿ ಮಕ್ಕಳ ರಕ್ಷಣೆಗೆ ನೇಮಿಸಿದವರಿಗೆ ಅವತ್ತೇ ತಿಳಿಸಬೇಕು. ಇಂಟರ್‌ವ್ಯೂನಲ್ಲಿ ಈ ಪ್ರಶ್ನೆ ಬಂದೇ ಬರುತ್ತೆ, ಇಲ್ಲಿಂದ ಹೋದವರು ಇಲ್ಲೇ ಎಡವುತ್ತಾರೆ. ಕೈ ಮಾಡುವುದು, ಬೆಂಚಿನ ಮೇಲೆ ನಿಲ್ಲಿಸುವುದು ಬಿಡಿ, ಕಿವಿ ಹಿಂಡಿದರೂ ಕೆಲಸ ಹೋಗುತ್ತೆ.

ಪಾಠದಲ್ಲಿ ಗಣಿತದವರಿಗೆ ಸಣ್ಣದೊಂದು: ಬೋರ್ಡಿನ ಮೇಲೆ 1,00,000 ಅಂತ ಕೈ ತಾನಾಗಿ ಬರೆಯುತ್ತೆ, ಅಲ್ಲಿ 100,000. ಲಕ್ಷ, ಕೋಟಿ ಪದಗಳೇ ಇಲ್ಲ. ಉತ್ತರ ತಪ್ಪಿದರೂ ವಿಧಾನಕ್ಕೆ ಅಂಕ ಕೊಡುವ ಪದ್ಧತಿ ಇಲ್ಲಿಗಿಂತ ಬಿಗಿಯಾಗಿದೆ. ಜಿಸಿಎಸ್‌ಇಯ (16ರ ವಯಸ್ಸಿನಲ್ಲಿ ಬರೆಯುವ ಅಲ್ಲಿನ ಪರೀಕ್ಷೆ) ಹಳೇ ಪ್ರಶ್ನೆಪತ್ರಿಕೆ ಮತ್ತು ಅಂಕ ವಿಧಾನ ಎರಡನ್ನೂ ಒಂದು ತಿಂಗಳು ಮುಂಚೆಯೇ ಬಿಡಿಸಿ. ಸರ್ಕಾರಿ ಅನುದಾನದ ಶಾಲೆಗಳ ಒಪ್ಪಂದದಲ್ಲಿ ವರ್ಷಕ್ಕೆ 195 ದಿನ, 1,265 ಗಂಟೆ ಅಂತ ಇರುತ್ತೆ, ಪಾಠದ ಹೊತ್ತಿನ ಶೇ. 10ರಷ್ಟು ತಯಾರಿಗೆ ಬಿಡುವು. ನೋಟ್‌ಬುಕ್ ತಿದ್ದುವುದು ಆ 1,265ರ ಹೊರಗೂ ಹರಿಯುತ್ತೆ, ಆ ವಿಷಯದಲ್ಲಿ ಎಲ್ಲ ದೇಶವೂ ಒಂದೇ.

ಮಂಡಕ್ಕಿ ಭಟ್ಟಿ:
ಇಳಿದ ಮೊದಲ ವಾರ ಇಂಗ್ಲೆಂಡಿನಲ್ಲಿ: ಹತ್ತಿರದ ಜಿಪಿ (ಕುಟುಂಬ ವೈದ್ಯರ) ಕ್ಲಿನಿಕ್ಕಿನಲ್ಲಿ ಹೆಸರು ಬರೆಸಿ, ಖರ್ಚಿಲ್ಲ. ಡಿಪಾಸಿಟ್ ಕೊಟ್ಟ 30 ದಿನದೊಳಗೆ ಮನೆ ಮಾಲೀಕರು ಅದನ್ನು ಸರ್ಕಾರ ಒಪ್ಪಿದ ಯೋಜನೆಯಲ್ಲಿ ಇಟ್ಟ ಪತ್ರ ಕೊಡಬೇಕು. ಒಬ್ಬರೇ ಇದ್ದರೆ ಕೌನ್ಸಿಲ್ ತೆರಿಗೆಯಲ್ಲಿ (ಸ್ಥಳೀಯ ಆಡಳಿತದ ಮನೆ ತೆರಿಗೆ) ಶೇ. 25 ಕಡಿಮೆ, ಅರ್ಜಿ ಹಾಕಿದರೆ ಮಾತ್ರ. ಕಾಮನ್‌ವೆಲ್ತ್ ಪ್ರಜೆ ಅಂತ ಮತದಾರರ ಪಟ್ಟಿಗೂ ಸೇರಬಹುದು, ಹೆಸರು ಇದ್ದರೆ ಮುಂದೆ ಮೊಬೈಲ್ ಕಂತು, ಸಾಲಕ್ಕೆ ಅನುಕೂಲ. ನಮ್ಮ ಡ್ರೈವಿಂಗ್ ಲೈಸೆನ್ಸ್ 12 ತಿಂಗಳು ನಡೆಯುತ್ತೆ, ಆಮೇಲೆ ಅಲ್ಲಿನ ಪರೀಕ್ಷೆ ಪಾಸಾಗಬೇಕು.

ದೋಸೆ ಹಿಟ್ಟು ಹುಳಿ ಬರಲ್ಲ ಅಂತ ಚಳಿಗಾಲದಲ್ಲಿ ಫೋನ್ ಮಾಡ್ತಾರೆ ಎಲ್ಲರೂ. ಓವನ್ ಬಿಸಿ ಮಾಡಬೇಡಿ, ಒಳಗಿನ ದೀಪ ಮಾತ್ರ ಹಾಕಿ ಪಾತ್ರೆ ಇಟ್ಟು ಬಾಗಿಲು ಮುಚ್ಚಿ. 10–12 ಗಂಟೆ ಬೇಕು. ಪಾತ್ರೆ ಅರ್ಧದಷ್ಟೇ ತುಂಬಿಸಿ, ಇಲ್ಲದಿದ್ದರೆ ಬಾಡಿಗೆ ಮನೆಯ ಓವನ್ ತೊಳೆಯುವ ಕೆಲಸ ಬೀಳುತ್ತೆ.

ಶಿವಗಂಗೋತ್ರಿ:
ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದೆ, ಈಗ ತೆಗೆದು ನೋಡಿದೆ. ನಾಳೆ ಮರುವಿತರಣೆ ಅರ್ಜಿ, ಸೋಮವಾರ ಶಂಕರಘಟ್ಟ. ಏಜೆಂಟರಿಗೆ ಇ-ಮೈಗ್ರೇಟ್ ನೋಂದಣಿ ಸಂಖ್ಯೆ ಕೇಳಿ ಮೆಸೇಜ್ ಹಾಕಿದೆ. ನೋಡಿದಾರೆ, ಉತ್ತರ ಬಂದಿಲ್ಲ.

ಕೋಟೆಬಾಗಿಲು:
ಶಂಕರಘಟ್ಟಕ್ಕೆ ಹೋಗುವಾಗ ಎಲ್ಲ ಸೆಮಿಸ್ಟರಿನ ಮೂಲ ಅಂಕಪಟ್ಟಿ, ಎರಡೆರಡು ಜೆರಾಕ್ಸ್, ಆಧಾರ್, ಫೋಟೊ ಇಟ್ಟುಕೊಳ್ಳಿ. ಬೆಳಿಗ್ಗೆ ಬೇಗ ಹೊರಡಿ, ಊಟದ ಹೊತ್ತಿಗೆ ಮುಂಚೆ ಕೌಂಟರ್ ಮುಟ್ಟಬೇಕು.